ಹೇಮಾವತಿಗೆ ನೊಣದ ಗಾಳ

ಕೆ.ಆರ್. ಪೇಟೆ ಸೀಮೆಯಲ್ಲಿ ದನದ ಡಾಕ್ಟರಾಗಿ ಹನ್ನೆರಡು ವರ್ಷ ಕಳೆದಿದ್ದೇನೆ. ಈ ಕೆಲಸದಲ್ಲಿ ಒದೆ ಯಾವ ಕಡೆಯಿಂದ ಬೀಳುತ್ತದೆಂದು ಹೇಳಲಾಗದು. ರಜಾ ಹಾಕಿದರೂ ಬೀಳುತ್ತದೆ.

ಪಾಂಡವಪುರದಲ್ಲಿ ನನಗೊಬ್ಬ ಗೆಳೆಯ, ಕಾಲೇಜು ಮೇಷ್ಟ್ರು. ಹೋದ ವರ್ಷ ಅವನು ವಿಡಿಯೋ ನೋಡಿ ನೋಡಿ ಒಂದು ಉದ್ದನೆಯ ಗಾಳದ ಕೋಲು ತರಿಸಿಕೊಂಡ. ಎರೆಹುಳ ಬೇಡ, ಹಿಟ್ಟಿನುಂಡೆಯೂ ಬೇಡ. ಕೊಕ್ಕೆಗೆ ಕೋಳಿಗರಿ, ದಾರ ಸುತ್ತಿ ನೊಣದ ವೇಷ ಹಾಕಿ ನೀರಿನ ಮೇಲೆ ಬೀಸಬೇಕು. ಮೀನು ನಿಜವಾದ ನೊಣವೆಂದು ನಂಬಿ ಬಾಯಿ ಹಾಕಬೇಕು. "ಹೇಮಾವತಿಗೆ ಹೋಗೋಣ ಡಾಕ್ಟ್ರೆ" ಅಂದ. ಅವನಿಗೆ ಆ ಹೊಳೆ ಗೊತ್ತಿಲ್ಲ. ನಾನೋ ನಾಗಮಂಗಲದ ದೇವಲಾಪುರದ ಕಡೆಯವನು. ರಾಗಿ ಹೊಲ ಗೊತ್ತು, ಈಜು ಗೊತ್ತಿಲ್ಲ. ಆದರೂ ಹೂಂ ಅಂದೆ.

ಹುಂಜದ ಗರಿ

ನೊಣ ಕಟ್ಟಲು ಹುಂಜದ ಕುತ್ತಿಗೆಯ ಗರಿಯೇ ಆಗಬೇಕಂತೆ. ಶೀಳನೆರೆ ಕಡೆ ಒಂದು ಹಸು ನೋಡಲು ಹೋದಾಗ ಪಕ್ಕದ ಮನೆ ಅಜ್ಜಿಯ ಹುಂಜ ಕಣ್ಣಿಗೆ ಬಿತ್ತು. ಕುತ್ತಿಗೆ ಬಂಗಾರದಂತೆ ಹೊಳೆಯುತ್ತಿತ್ತು. ಎರಡೇ ಗರಿ ಕೇಳಿದೆ.

ಅಜ್ಜಿಯ ಮುಖ ಬಿಳುಚಿಕೊಂಡಿತು. "ಯಾಕಪ್ಪಾ, ಕೋಳಿ ರೋಗ ಏನಾರ ಬಂದದಾ? ಎಲ್ಲಾನೂ ಗುಂಡಿಗಾಕಿ ಮುಚ್ಬುಡ್ತೀರಾ?"

"ಇಲ್ಲ ಅವ್ವ, ಹುಂಜ ಚೆನ್ನಾಗದೆ."

"ಚೆನ್ನಾಗಿದ್ರೆ ಗರಿ ಯಾಕೆ?"

ಬೇರೆ ದಾರಿ ಕಾಣದೆ ನಿಜ ಹೇಳಿದೆ. "ಮೀನು ಹಿಡಿಯೋಕೆ."

ಅಜ್ಜಿ ಹುಂಜವನ್ನು ಎದೆಗವಚಿಕೊಂಡು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ನಾನು ಹಸುವಿಗೆ ಸೂಜಿ ಚುಚ್ಚಿ ಬರುವಷ್ಟರಲ್ಲಿ ಆ ಬೀದಿಯಲ್ಲಿ ಒಂದೇ ಒಂದು ಕೋಳಿ ಇರಲಿಲ್ಲ. ಎಲ್ಲ ಮಂಕರಿ ಕೆಳಗೆ. ಜೀಪು ಹತ್ತುವಾಗ ಬಾಗಿಲ ಹಿಂದಿನಿಂದ ಅಜ್ಜಿಯ ದನಿ ಬಂತು: "ಕೋಳಿ ತಿನ್ನೋ ಆಸೆ ಇದ್ರೆ ನೇರಾಗಿ ಕೇಳ್ಬೇಕು ಕಣಪ್ಪ. ಓದಿರೋರು ಮೀನು ಗೀನು ಅಂತ ಸುಳ್ಳೇಳ್ಬಾರ್ದು."

ಅನುಮತಿ

ಅನುಮತಿಯಿಲ್ಲದೆ ಹೊಳೆಗೆ ಗಾಳ ಹಾಕಿ ಸಿಕ್ಕಿಬಿದ್ದರೆ ನನ್ನ ನೌಕರಿಗೇ ಸಂಚಕಾರ. ಮೀನಿನ ಕಚೇರಿಗೆ ಇಬ್ಬರೂ ಅರ್ಜಿ ಹಿಡಿದು ಹೋದೆವು.

"ಎಷ್ಟು ಬಲೆ?" ಗುಮಾಸ್ತರು ಕೇಳಿದರು.

"ಬಲೆ ಇಲ್ಲ ಸಾರ್, ನೊಣ" ಅಂದ ಮೇಷ್ಟ್ರು.

ಅವರು ಪೆನ್ನು ಕೆಳಗಿಟ್ಟರು. "ನೊಣಾನ ನೀವು ಎಷ್ಟು ಬೇಕಾದ್ರೂ ಹಿಡ್ಕಳಿ. ಅದಕ್ಕೆ ನಮ್ ಪರ್ಮಿಷನ್ ಬೇಕಾಗಿಲ್ಲ."

ಅರ್ಧ ಗಂಟೆ ವಿವರಿಸಿದ ಮೇಲೆ ಚೀಟಿ ಸಿಕ್ಕಿತು.

ಮರಳ ದಿಣ್ಣೆ

ಜಾಗ ಗೊತ್ತು ಮಾಡಲು ಒಂದು ಶನಿವಾರ ಹೊಳೆದಂಡೆಗೆ ಹೋದೆವು. ಗಾಳ ಬೀಸಲು ಬೆನ್ನ ಹಿಂದೆ ಬಯಲು ಬೇಕಂತೆ. ಮೇಷ್ಟ್ರು ಮರಳ ದಿಣ್ಣೆಯ ಮೇಲೆ ಹೆಜ್ಜೆ ಹಾಕಿ ಅಳೆಯುತ್ತಿದ್ದ. "ಮೂವತ್ತಾರು, ಬರ್ಕಳಿ ಡಾಕ್ಟ್ರೆ." ನಾನು ಬರೆದುಕೊಂಡು ಫೋಟೋ ಹೊಡೆಯುತ್ತಿದ್ದೆ.

ಎರಡು ಟ್ರಾಕ್ಟರು ಬಂದು ನಿಂತವು. ಆರು ಜನ ಇಳಿದು ಸುತ್ತುವರಿದರು. ಒಬ್ಬ ಹೋಗಿ ನನ್ನ ಕಾರಿನ ಬೀಗದ ಕೈ ಕಿತ್ತುಕೊಂಡ. ದಪ್ಪ ಮೀಸೆಯವನು ಮೆತ್ತಗೆ ಕೇಳಿದ, "ಯಾವ್ ಇಲಾಖೆ?"

"ಪಶು ವೈದ್ಯಕೀಯ."

"ದನದ ಡಾಕ್ಟ್ರಿಗೆ ಮರಳು ಅಳೆಯೋ ಕೆಲ್ಸ ಯಾವಾಗಿಂದ ಕೊಟ್ರು?"

ಮೇಷ್ಟ್ರು ಜೇಬಿನಿಂದ ಡಬ್ಬಿ ತೆಗೆದು, ಕೋಳಿ ಅಂಗಡಿಯಿಂದ ತಂದ ಗರಿಯಲ್ಲಿ ಕಟ್ಟಿದ ನೊಣಗಳನ್ನು ತೋರಿಸಿದ. ಮೀಸೆಯವನು ಒಂದನ್ನೆತ್ತಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದ್ನ ಮೀನು ತಿಂತದಾ?"

"ತಿಂತದೆ ಅಂತ ವಿಡಿಯೋದಲ್ಲಿ ತೋರಿಸ್ತಾರೆ."

ಅವನು ಬೀಗದ ಕೈಯನ್ನು ನನ್ನ ಅಂಗೈಗಿಟ್ಟು ತನ್ನವರ ಕಡೆ ತಿರುಗಿದ. "ನಡೀರ್ಲಾ. ಇವ್ರಿಂದ ನಮ್ಗೇನೂ ಭಯ ಇಲ್ಲ. ಪಾಪ, ಮನೇಲಿ ಯೋಳಿ ಬಂದವ್ರೋ ಇಲ್ವೋ."

ಬಂಡೆ

ಕೊನೆಗೂ ಆ ಭಾನುವಾರ ಬೆಳಗ್ಗೆ ಹೊಳೆಗಿಳಿದೆವು. ನೀರು ಮೊಣಕಾಲಿಗೂ ಇರಲಿಲ್ಲ. ಮೂವತ್ತು ಮಾರು ನಡೆದು ನಡುಹೊಳೆಯ ಬಂಡೆ ಹತ್ತಿದೆವು. ನೆನೆಯಬಾರದೆಂದು ಫೋನುಗಳನ್ನು ಕಾರಿನಲ್ಲೇ ಬಿಟ್ಟಿದ್ದೆವು. ಮೇಷ್ಟ್ರು ಬೀಸಿದ, ಎಳೆದ, ಮತ್ತೆ ಬೀಸಿದ. ಒಂದು ಗಂಟೆ ಕಳೆಯಿತು.

ತಿಳಿನೀರು ಕೆಂಪಾದದ್ದನ್ನು ಮೊದಲು ನೋಡಿದವನು ನಾನು. ಆಮೇಲೆ ಕಸಕಡ್ಡಿ ತೇಲಿಬಂತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ನಾವು ನಡೆದು ಬಂದ ಜಾಗದಲ್ಲಿ ಈಗ ಹೊಳೆ ಸುಳಿ ಹೊಡೆಯುತ್ತಿತ್ತು. ಬಂಡೆ ಒಂದು ಚಾಪೆಯಷ್ಟಾಯಿತು, ಆಮೇಲೆ ಮಣೆಯಷ್ಟು. ನೀರು ಪಾದ ಮುಟ್ಟಿದಾಗ ನಾನು ಮೇಷ್ಟ್ರ ಸೊಂಟ ತಬ್ಬಿಕೊಂಡೆ. ನನಗೆ ನನ್ನ ಹೆಂಡತಿ ಮಕ್ಕಳ ಮುಖ ಕಾಣತೊಡಗಿತು.

ಆಗ ಆಚೆ ದಡದಿಂದ ಒಂದು ಹರಿಗೋಲು ಬಂತು. ಅದರಲ್ಲಿ ಮುದುಕನೊಬ್ಬ. ಹುಟ್ಟನ್ನು ಬಂಡೆಗೆ ಒತ್ತಿ ನಿಲ್ಲಿಸಿ ನನ್ನ ಮುಖ ನೋಡಿದ.

"ದನದ ಡಾಕ್ಟ್ರಲ್ವಾ? ಬೆಳಗಿಂದ ಫೋನ್ ಮಾಡಿ ಮಾಡಿ ಸಾಕಾಯ್ತು. ನಮ್ಮೆಮ್ಮೆ ಕರ ಆಕಕ್ಕಾಗ್ದೆ ಒದ್ದಾಡ್ತಾ ಅದೆ. ನಿಮ್ನೇ ಕರ್ಕಬರಕ್ಕೆ ಒಂಟಿದ್ದೆ."

ಹತ್ತಿ ಕುಳಿತು, "ನನ್ನ ಕಾರು ಈ ದಡದಲ್ಲದೆ ಅಜ್ಜ" ಎಂದೆ.

"ಎಮ್ಮೆ ಆ ದಡದಲ್ಲದೆ" ಎಂದು ಅವನು ಹುಟ್ಟು ಹಾಕಿದ.

ಕರುವಿನ ತಲೆ ಹಿಂದಕ್ಕೆ ಮಡಚಿಕೊಂಡಿತ್ತು. ನನ್ನ ಚೀಲ ಕಾರಿನಲ್ಲಿತ್ತು. ಸೋಪು, ಕೊಬ್ಬರಿ ಎಣ್ಣೆ, ಕುದಿಸಿದ ಹಗ್ಗ, ಅಷ್ಟೇ ನನ್ನ ಆಸ್ಪತ್ರೆ. ಮೇಷ್ಟ್ರು ಒದ್ದೆ ಬಟ್ಟೆಯಲ್ಲೇ ಬಾಲ ಹಿಡಿದು ನಿಂತ. ಒಂದು ಗಂಟೆ ಹೆಣಗಿದ ಮೇಲೆ ಕರು ಹೊರಬಂತು, ಆದರೆ ಉಸಿರಿಲ್ಲ. ಮೂಗು ಒರೆಸಿ, ಹುಲ್ಲಿನಿಂದ ಮೈ ತಿಕ್ಕಿದೆ. ಕೊನೆಗೆ ಅದು ಒಮ್ಮೆ ಸೀನಿತು. ಮುದುಕ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ.

ಅಷ್ಟರಲ್ಲಿ ಅರ್ಧ ಊರು ಸೇರಿತ್ತು. ಮುದುಕ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ: "ಡಾಕ್ಟ್ರು ಅಂದ್ರೆ ಇಂಗಿರ್ಬೇಕು. ಫೋನ್ ಸಿಕ್ನಿಲ್ಲ, ರಜಾ ದಿನ, ಹೊಳೆ ಬ್ಯಾರೆ ಬಂದದೆ. ಆದ್ರೂ ಎಮ್ಮೆಗೋಸ್ಕರ ಪ್ರಾಣದ ಆಸೆ ಬುಟ್ಟು ನಡುಬಂಡೆ ಗಂಟ ಬಂದು ನಿಂತಿದ್ರು."

ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯವೆಂದು ತಿಳಿದರು.

ಗುಂಪಿನಲ್ಲೊಬ್ಬ ಗೋಡೆಗೊರಗಿಸಿದ್ದ ಗಾಳದ ಕೋಲು ನೋಡಿ ಕೇಳಿದ, "ಅಂಗಾರೆ ಆ ಕೋಲು ಯಾತುಕ್ಕೆ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಮುದುಕ ಗದರಿದ. "ಗ್ಯಾನ ಬ್ಯಾಡ್ವೇನ್ಲಾ ನಿಂಗೆ? ಗೊತ್ತಿಲ್ದಿರೋ ಹೊಳೆ. ಇಳಿಯೋಕೆ ಮುಂಚೆ ಎಷ್ಟ್ ಆಳ ಅದೆ ಅಂತ ನೋಡ್ಕಬೇಡ್ವಾ?"