ಪುಂಡಿಪಲ್ಯದ ಮಡಿಯಲ್ಲಿ ಬ್ಯಾನರ್ಜಿ

ನೆನಪಿನದೂ ಬೆಕ್ಕಿನದೂ ಒಂದೇ ಸ್ವಭಾವ. ಎರಡೂ ಕರೆದಾಗ ಬರುವುದಿಲ್ಲ. ತಾವಾಗಿ ಬಂದರೆ, ಎಲ್ಲಿ ಮಣ್ಣು ಮೆತ್ತಗಿದೆಯೋ ಅಲ್ಲಿ ಕೆರೆದು, ಕೂತು, ಕೆಲಸ ಮುಗಿಸಿ, ಮೇಲೆ ಒಪ್ಪವಾಗಿ ಮಣ್ಣೆಳೆದು, ಏನೂ ನಡೆದೇ ಇಲ್ಲವೆಂಬಂತೆ ಹೊರಟುಹೋಗುತ್ತವೆ. ತೀರ ಒಪ್ಪವಾಗಿ ಮುಚ್ಚಿದ ಜಾಗ ಕಂಡರೆ ನನಗೆ ಈಗಲೂ ಅನುಮಾನ. ಈಗ ನಾನು ಹೇಳಹೊರಟಿರುವುದರಲ್ಲಿ ಅಂಥ ಜಾಗವೇನಾದರೂ ಕಂಡರೆ ಓದುಗರು ಕೈ ಹಾಕುವ ಮುನ್ನ ಒಮ್ಮೆ ಯೋಚಿಸುವುದು ಒಳ್ಳೆಯದು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನೂ ನನ್ನ ಹೆಂಡತಿ ಗಿರಿಜಾಳೂ ರಿಚರ್ಡ್ಸ್ ಟೌನಿನ ಹಳೆಯ ಬಂಗಲೆಯೊಂದರ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ಎರಡು ಕೋಣೆ, ಮೇಲೆ ಹೆಂಚು, ಮುಂದೆ ಎರಡು ಚಾಪೆ ಹಾಸುವಷ್ಟು ಮಣ್ಣು. ಅದನ್ನು ನಾನು ತೋಟ ಎನ್ನುತ್ತಿದ್ದೆ. ಬಾಗಲಕೋಟೆ ಕಡೆಯ ಗಿರಿಜಾ, ಅದು ಮನೆಯ ಮುಂದಿದ್ದರೂ, ಹಿತ್ತಲ ಎನ್ನುತ್ತಿದ್ದಳು. ಭಾನುವಾರದ ಮಧ್ಯಾಹ್ನಗಳಲ್ಲಿ ಆ ಬೀದಿ ನೀರಿನಡಿ ಮುಳುಗಿದಂತಿರುತ್ತಿತ್ತು. ಪಕ್ಕದ ಮನೆಯಿಂದ ಯಾರೋ ಅರ್ಧಕ್ಕೇ ಮರೆತಂಥ ಪಿಯಾನೋ ಸ್ವರ, ಎಲ್ಲಿಯದೋ ಬೇಕರಿಯ ಬಿಸಿ ವಾಸನೆ, ಮರದ ನೆರಳು ಗೋಡೆಯ ಮೇಲೆ ಹತ್ತಿ ಇಳಿಯುವುದು. ನಾನು ಹೊಸಿಲ ಮೇಲೆ ಕೂತು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಇರುತ್ತಿದ್ದೆ. ದಾವಣಗೆರೆಯಲ್ಲಿ ಬೆಳೆದ ನನಗೆ ಅಷ್ಟು ನೆರಳು ಅಭ್ಯಾಸವಿರಲಿಲ್ಲ. ವಾರದ ಉಳಿದ ದಿನಗಳಲ್ಲಿ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಬೋಲ್ಟು ಪರೀಕ್ಷಿಸುವುದು ನನ್ನ ಉದ್ಯೋಗ. ಕೂದಲೆಳೆಯಷ್ಟು ದೋಷವಿದ್ದರೂ ಹಿಡಿದು ಪಕ್ಕಕ್ಕಿಡುತ್ತಿದ್ದೆ. ಇದನ್ನು ಮರೆಯಬೇಡಿ, ಮುಂದೆ ನಗುವುದಕ್ಕೆ ಬೇಕಾಗುತ್ತದೆ.

ಆ ಮನೆ ನಮ್ಮ ಕೈತಪ್ಪುವ ಹಾಗಿತ್ತು. ಕಾರಣ ಮನೆಯ ಯಜಮಾನರಲ್ಲ, ನಮ್ಮತ್ತೆ. ಅತ್ತೆಯವರು ಲಿಂಗಪೂಜೆ ಆಗದೆ ನೀರು ಮುಟ್ಟುವವರಲ್ಲ. ಮೊಟ್ಟೆ ಬೇಯಿಸಿದ ಮನೆಯ ಕಟ್ಟೆಯ ಮೇಲೂ ಕೂರುವವರಲ್ಲ. ಸುತ್ತಮುತ್ತ ಎಲ್ಲರೂ ಮಾಂಸ ಬೇಯಿಸುವ ಬೀದಿಯಲ್ಲಿ ಮಗಳು ಸಂಸಾರ ಹೂಡಿದ್ದು ಅವರಿಗೆ ನುಂಗಲಾರದ ತುತ್ತಾಗಿತ್ತು. ರಾಜಾಜಿನಗರದಲ್ಲಿ ತಮ್ಮ ತಮ್ಮನ ಮನೆಯ ಮಹಡಿ ಖಾಲಿಯಿದೆ, ಅಲ್ಲಿಗೆ ಹೋಗಿ ಎಂದು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಕೊನೆಗೆ ತಾವೇ ಬಂದು ನೋಡುವುದೆಂದು ತೀರ್ಮಾನಿಸಿದ್ದರು. "ಆ ಮಣ್ಣಿನ್ಯಾಗ ಏನ್ ಹುಟ್ಟತದವಾ, ಬರೇ ಬ್ರೆಡ್ಡು" ಎಂದಿದ್ದರಂತೆ. ಈ ಮಾತು ಗಿರಿಜಾಳಿಗೆ ತಾಗಿತು. ಅವ್ವ ಬರುವ ಹೊತ್ತಿಗೆ ಈ ಮಣ್ಣಿನಲ್ಲಿ ಪುಂಡಿಪಲ್ಯ ಬೆಳೆದು, ರೊಟ್ಟಿಯ ಜೊತೆ ಬಡಿಸಿ, ಆಮೇಲೆ ಮಾತಾಡುತ್ತೇನೆ ಎಂದಳು. ಪುಂಡಿ ಎಂದರೆ ಹುಳಿ ಸೊಪ್ಪು, ಅವರ ಕಡೆ ಸೊಪ್ಪಿಗೂ ಪಲ್ಯವೆಂದೇ ಹೆಸರು. ಶಿವಾಜಿನಗರದಲ್ಲಿ ಅಂಥದೇ ಒಂದು ಸೊಪ್ಪು ಸಿಗುತ್ತಿತ್ತು. ಗಿರಿಜಾ ಅದನ್ನು ಒಮ್ಮೆ ಮೂಸಿ ನೋಡಿ, "ಇದು ಪುಂಡಿ ಅಲ್ರೀ, ಪುಂಡಿಗೆ ದೂರದ ಸಂಬಂಧ" ಎಂದು ವಾಪಸು ಇಟ್ಟಿದ್ದಳು. ಊರಿನಿಂದ ತಂದ ಬೀಜ ಎರಡು ಹಿಡಿ ಇತ್ತು.

ಬೀಜಕ್ಕೆ ಮುಂಚೆ ಗೊಬ್ಬರ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಕೋಳಿಮೇವು, ಹಕ್ಕಿಪಂಜರ ಮಾರುವ ಅಂಗಡಿಯಿತ್ತು. ಅಲ್ಲಿನ ಸಾಹೇಬರು ಕಂದು ಪುಡಿಯ ಒಂದು ಚೀಲ ಎತ್ತಿಕೊಟ್ಟರು. "ಇದು ಹಾಕಿ ಸಾಬ್. ಗುಲಾಬಿಗೆ ಹಾಕಿದ್ರೆ ಗುಲಾಬಿ, ಸೊಪ್ಪಿಗೆ ಹಾಕಿದ್ರೆ ಸೊಪ್ಪು." ಇದರಲ್ಲಿ ಏನಿದೆ ಎಂದು ಕೇಳಿದೆ. "ಎಲ್ಲಾ ನ್ಯಾಚುರಲ್" ಎಂದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಉಳಿಯಿತು. ಮನೆಯಲ್ಲಿ ಚೀಲ ಬಿಚ್ಚಿದಾಗ ಗಿರಿಜಾ ಸೆರಗು ಮೂಗಿಗೆ ಹಿಡಿದು, "ವಾಸನಿ ಜೋರ್ ಐತಿ ಅಂದ್ರ ಗೊಬ್ಬರಾನೂ ಜೋರ್ ಇರಬೇಕ್ರೀ" ಎಂದಳು. ನಾನೂ ತಜ್ಞನಂತೆ ತಲೆಯಾಡಿಸಿದೆ. ಮಣ್ಣನ್ನು ಜರಡಿ ಹಿಡಿದು, ಪುಡಿ ಬೆರೆಸಿ, ಮಡಿ ಮಾಡಿ, ಒಂದು ಹಿಡಿ ಬೀಜ ಬಿತ್ತಿದೆವು. ಸಂಜೆಯ ಬೆಳಕಿನಲ್ಲಿ ಆ ಮಡಿ ಹೊಸದಾಗಿ ಹಾಸಿದ ಹಾಸಿಗೆಯಂತಿತ್ತು. ನನಗೇ ಒಮ್ಮೆ ಮಲಗೋಣ ಅನ್ನಿಸಿತ್ತು.

ಮಲಗುವುದಕ್ಕಿಂತ ದೊಡ್ಡ ಯೋಜನೆಯಿದ್ದವರು ಬೇರೆ ಇದ್ದರು. ಪಕ್ಕದ ಕಾಂಪೌಂಡಿನ ಫಿಲೋಮಿನಾ ಆಂಟಿ ಶಾಲೆಯಲ್ಲಿ ಪಿಯಾನೋ ಕಲಿಸಿ ನಿವೃತ್ತರಾದವರು. ಮೊಣಕಾಲೆತ್ತರದ ಗೋಡೆಯ ಆಚೆ ಅವರು, ಅವರ ಬೆಕ್ಕುಗಳು. ಆಂಟಿಗೆ ಒಂದು ಪದ್ಧತಿಯಿತ್ತು. ನಮ್ಮ ಔಟ್‌ಹೌಸಿನಿಂದ ಯಾವ ಬಾಡಿಗೆಯವರು ಬಿಟ್ಟುಹೋದರೂ, ಆಮೇಲೆ ಹುಟ್ಟಿದ ಮೊದಲ ಮರಿಗೆ ಅವರ ಹೆಸರಿಡುವುದು. ಹೋದವರು ಹತ್ತಿರವೇ ಇದ್ದ ಹಾಗಿರುತ್ತದೆ ಎನ್ನುತ್ತಿದ್ದರು. ಹೀಗಾಗಿ ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ನಮ್ಮ ಮಡಿಯ ನಟ್ಟನಡುವೆ, ದೂರದಲ್ಲೇನೋ ಘನವಾದದ್ದನ್ನು ನೆನೆಯುತ್ತಿರುವ ಮುಖಭಾವದಲ್ಲಿ, ಬ್ಯಾನರ್ಜಿ ಕೂತಿರುತ್ತಿದ್ದ. ಅವನೆದ್ದರೆ ಮಿಸೆಸ್ ನಾಯರ್. "ರೀ, ಬ್ಯಾನರ್ಜಿ ಮತ್ತ ಹೇತು ಹೋಗ್ಯಾನ" ಎಂದು ಗಿರಿಜಾ ಕೂಗುವುದನ್ನು ನಮ್ಮನ್ನು ನೋಡಲು ಬಂದ ನನ್ನ ಚಿಕ್ಕಪ್ಪ ಕೇಳಿಸಿಕೊಂಡು, ಚಹಾ ಕುಡಿಯದೆ ಹೊರಟುಹೋದರು.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಮುನಿರಾಜು ಕೆ.ಆರ್. ಪುರದವನು. ಪ್ರಪಂಚದ ಎಲ್ಲ ಕಷ್ಟಗಳಿಗೂ ಅವನಲ್ಲಿ ಉಪಾಯವಿತ್ತು. ಕಿತ್ತಳೆ ಸಿಪ್ಪೆ ಹಾಕು ಎಂದ, ಹಾಕಿದೆವು. ಮೆಣಸಿನಪುಡಿ ಎಂದ. ಅದು ಗಾಳಿಗೆ ಹಾರಿ ಗಿರಿಜಾಳ ಕಣ್ಣಿಗೆ ಬಿತ್ತು, ಬೆಕ್ಕುಗಳು ಕನಿಕರದಿಂದ ನೋಡಿದವು. "ಬಾಟ್ಲೀಲಿ ಬಣ್ಣದ ನೀರು ತುಂಬ್ಸಿ ಸುತ್ತ ಇಡು ಗುರು. ನಮ್ಮೂರಲ್ಲಿ ಗೇಟ್ ಮುಂದೆ ಅದೇ ಇಡೋದು, ನಾಯಿ ಸುಳಿಯಲ್ಲ." ಬೆಕ್ಕಿಗೂ ಆಗುತ್ತದೆಯೇ ಎಂದು ಕೇಳಿದೆ. "ಬೆಕ್ಕಿಗೇನ್ ಕಣ್ಣಿಲ್ವಾ ಮಗಾ?" ಎಂದ. ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿ ಮಡಿಯ ಸುತ್ತ ಬಾಟಲಿ ನಿಲ್ಲಿಸಿದೆ. (ಕುಂಕುಮದ ಕೆಂಪು ನೀರು ಅದು ಎಂದು ಗಿರಿಜಾಳ ವಾದ. ನೀಲಿಯೇ ಎಂದು ನಾನು ಪ್ರಮಾಣ ಮಾಡಲಾರೆ, ಆದರೆ ನನ್ನ ಕಣ್ಣಿಗೆ ಬರುವುದು ನೀಲಿ.) ಸಂಜೆ ಬಿಸಿಲು ಓರೆಯಾದಾಗ ಆ ಬಾಟಲಿಗಳ ಮೂಲಕ ಬೆಳಕು ಮಣ್ಣಿನ ಮೇಲೆ ಚೆಲ್ಲಿ, ನೀಲಿ ಮೀನುಗಳಂತೆ ಅಲ್ಲಾಡುತ್ತಿತ್ತು. ಆ ಬೆಳಕಿನಲ್ಲಿ ಬೆಕ್ಕುಗಳು ಒಂದೊಂದೇ ಬಂದು, ಮೈ ಚಾಚಿ, ನೀಲಿಯಾಗಿ ಮಲಗಿದವು. ನಮ್ಮ ಮನೆಯೇ ನೆಲ ಬಿಟ್ಟು ಎಲ್ಲಿಗೋ ತೇಲುತ್ತಿರುವಂತೆ ಕಂಡು ನಾನು ಅವುಗಳನ್ನು ಓಡಿಸುವುದನ್ನೇ ಮರೆತೆ. ಗಿರಿಜಾ ಮರೆಯಲಿಲ್ಲ. ಪೊರಕೆ ಹಿಡಿದು ಬಂದಳು.

ಪ್ರತಿ ಸಲ ಅವು ಕೆದಕಿದಾಗಲೂ ನಾವು ಮಡಿ ಸರಿಮಾಡುತ್ತಿದ್ದೆವು. ಸರಿಮಾಡಿದಾಗಲೆಲ್ಲ, ಮಣ್ಣು ಸತ್ವ ಕಳೆದುಕೊಂಡಿರಬಹುದೆಂದು ಇನ್ನೊಂದು ಬೊಗಸೆ ಗೊಬ್ಬರ. ಬೆಕ್ಕುಗಳು ಹೆಚ್ಚಿದವು. ಎಂದೂ ಕಾಣದ ಮುಖಗಳು, ರೈಲ್ವೆ ಹಳಿಯ ಆಚೆಯಿಂದ ಬಂದವರಂತೆ ಧೂಳು ಮೆತ್ತಿಕೊಂಡು, ಗೋಡೆಯ ಮೇಲೆ ಸಾಲಾಗಿ ಕಾದಿರುತ್ತಿದ್ದವು. ಮೊದಲ ಹಿಡಿ ಬೀಜ ಹಾಳಾಯಿತು. ಅತ್ತೆಯವರು ಟಿಕೆಟ್ ತೆಗೆಸಿದ್ದಾರೆಂದು ಸುದ್ದಿ ಬಂತು. ಉಳಿದ ಹಿಡಿಯನ್ನು ಬಿತ್ತಿದ ಮಾರನೆಯ ಬೆಳಗ್ಗೆ ಮಿಸೆಸ್ ನಾಯರ್ ಒಂದು ಮೂಲೆ ಕೆದಕಿದ್ದನ್ನು ಕಂಡು ಗಿರಿಜಾ ಪೊರಕೆಯನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಕೂತಳು. ಅವಳು ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬೈಯಲಿಲ್ಲ, ಅದಕ್ಕೇ ಎದ್ದೆ.

ಆಂಟಿಯ ಮನೆಗೆ ಹೋಗಿ ಖಡಾಖಂಡಿತವಾಗಿ ಹೇಳುವುದೆಂದು ಮೂರು ಭಾಷೆಯಲ್ಲಿ ಮಾತು ಜೋಡಿಸಿಕೊಂಡೆ. ಬಾಗಿಲಲ್ಲೇ ಆಂಟಿ ಎರಡೂ ಕೈ ಹಿಡಿದುಕೊಂಡರು.

"ಬನ್ನಿ, ಕುತ್ಕೊಳ್ಳಿ. ನಾನೇ ಬಂದು ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ. ಏನ್ ಪಾ, ನೀವು ಪ್ಯೂರ್ ವೆಜ್ ಜನ. ಆದ್ರೂ ನನ್ನ ಮಕ್ಕಳಿಗೋಸ್ಕರ ಡೈಲಿ ಕರುವಾಡು ಪುಡಿ ಹಾಕ್ತೀರಲ್ಲ. ಈ ಕಾಲದಲ್ಲಿ ಯಾರ್ ಮಾಡ್ತಾರೆ?"

"ಕರುವಾಡು ಅಂದ್ರೆ?"

"ಡ್ರೈ ಫಿಶ್, ಪಾ. ಒಣ ಮೀನು. ಗಾಳಿ ಈ ಕಡೆ ಬಂದ್ರೆ ನಂಗೇ ಹಸಿವಾಗುತ್ತೆ. ಬ್ಯಾನರ್ಜಿ ಮೈ ನೋಡಿ, ಹೆಂಗೆ ಶೈನಿಂಗ್ ಬಂದಿದೆ."

ಪಿಯಾನೋ ಮೇಲೆ ಮಲಗಿದ್ದ ಬ್ಯಾನರ್ಜಿ ನಿಜವಾಗಿಯೂ ಹೊಳೆಯುತ್ತಿದ್ದ. ಮೀನಿನ ವಾಸನೆ ಯಾವುದು, ಗೊಬ್ಬರದ ವಾಸನೆ ಯಾವುದು ಎಂದು ಬಲ್ಲ ಒಂದೇ ಒಂದು ಮೂಗು ನಮ್ಮ ಎರಡೂ ವಂಶಗಳಲ್ಲಿರಲಿಲ್ಲ. ನಾನು ಜೋಡಿಸಿಕೊಂಡು ಹೋಗಿದ್ದ ಮೂರೂ ಭಾಷೆಗಳು ಒಟ್ಟಿಗೇ ಕೈಕೊಟ್ಟವು. ಆಂಟಿ ಕೊಟ್ಟ ನಿಂಬೆ ಷರಬತ್ತು ಕುಡಿದು, ಪರವಾಗಿಲ್ಲ ಎಂದು ಥ್ಯಾಂಕ್ಸನ್ನು ಸ್ವೀಕರಿಸಿ, ಮರಳಿದೆ. ಗಿರಿಜಾಳಿಗೆ ಹೇಳಲಿಲ್ಲ. ಹೇಳಿದ್ದರೆ ಮಡಿ ಅಗೆದು ಬಿಸಾಡುತ್ತಿದ್ದಳು. ಉಳಿದ ಗೊಬ್ಬರವನ್ನು ಸದ್ದಿಲ್ಲದೆ ಗೋಡೆಯಾಚೆ ದಾಟಿಸಿದೆ. ಬೆಕ್ಕುಗಳೂ ಅದರ ಹಿಂದೆಯೇ ದಾಟಿದವು. ಮಳೆ ಬಂತು. ಪುಂಡಿ ಎದ್ದಿತು, ಹೇಗೆಂದರೆ ಕೆಂಪು ದಂಟು, ಅಂಗೈಯಗಲದ ಎಲೆ, ಗೋಡೆಯೆತ್ತರ.

ಅತ್ತೆಯವರು ಬಂದರು. ಪೂಜೆ ಮುಗಿಸಿ ಊಟಕ್ಕೆ ಕೂತರು. ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ಬಾಯಿಗಿಟ್ಟು, ಕಣ್ಣು ಮುಚ್ಚಿದರು. ನನ್ನ ಎದೆ ಢವಢವ ಎನ್ನುತ್ತಿತ್ತು, ತುತ್ತು ತಟ್ಟೆಯಲ್ಲೇ ಉಳಿಯಿತು.

"ಏನ್ ರುಚಿ ಬಂದೈತವಾ. ನಮ್ಮ ಹೊಲದಾಗ ಸೈತ ಹಿಂತಾದ್ದು ಬರಂಗಿಲ್ಲ. ಯಾ ಗೊಬ್ಬರ ಹಾಕೀರಿ, ಅಳಿಯಂದಿರ?"

"ಶಿವಾಜಿನಗರದ್ದು ಅತ್ತೆ. ಎಲ್ಲಾ ನ್ಯಾಚುರಲ್."

"ಹೋಗಮುಂದ ನನಗೂ ಒಂದು ಚೀಲ ಕೊಡಿಸ್ರಿ."

ಅಂಗಡಿ ಮುಚ್ಚಿಹೋಗಿದೆ ಎಂದು ಹೇಳಿ ಪಾರಾದೆ. ರಾಜಾಜಿನಗರದ ಮಾತು ಮತ್ತೆ ಏಳಲಿಲ್ಲ. "ಮಣ್ಣು ಛಲೋ ಐತಿ, ಇರ್ರಿ" ಎಂದು ಹರಸಿ ಅತ್ತೆ ಊರಿಗೆ ಹೋದರು. ನಾವು ಆ ಮನೆಯಲ್ಲಿ ಇನ್ನೂ ಕೆಲವು ವರ್ಷ ತೇಲಿದೆವು. ಆಮೇಲೆ ರಾಮಮೂರ್ತಿ ನಗರದಲ್ಲಿ ಮೂರನೆಯ ಮಹಡಿಗೆ ಹತ್ತಿದೆವು. ಒಮ್ಮೆ ಆಂಟಿಯನ್ನು ನೋಡಲು ಹೋದಾಗ ಪಿಯಾನೋ ಕೆಳಗಿನಿಂದ ಒಂದು ಬೂದು ಮರಿ ಬಂತು. "ಗಿರಿಜಾ, ಇಲ್ ಬಾ" ಎಂದು ಆಂಟಿ ಅದನ್ನು ಕರೆದರು. ಬಾಡಿಗೆ ಕರಾರು ನನ್ನ ಹೆಸರಿನಲ್ಲಿತ್ತು, ಆಂಟಿಯ ಮುಂದೆ ಮಾನ ಉಳಿಸಿಕೊಂಡು ಬಂದವನೂ ನಾನು. ಮರಿಗೆ ನನ್ನ ಹೆಸರೇಕಿಲ್ಲ ಎಂಬ ಸಣ್ಣ ನೋವು ನನಗೆ ಬಹುಕಾಲ ಇತ್ತು.

ಇಷ್ಟು ಬರೆದು, ಎಂದಿನಂತೆ, ಗಿರಿಜಾಳಿಗೆ ಓದಲು ಕೊಟ್ಟೆ. ಅವಳು ಬದನೆಕಾಯಿ ಹೆಚ್ಚುತ್ತಲೇ ಓದಿ ಮುಗಿಸಿ, ಕನ್ನಡಕ ತೆಗೆದಳು.

"ಆಂಟಿ ಮನಿಗೆ ಹೋದಾಕಿ ನಾನು."

"ನಾನಲ್ಲವಾ?"

"ನೀವು ಗೇಟಿನ ತನಕ ಬಂದು, ಬೂಟಿನ ಲೇಸ್ ಕಟ್ಟಿಕೋತ ನಿಂತ್ರಿ. ಆಂಟಿ 'ಏನ್ ಮಾ' ಅಂದಿದ್ರು, 'ಪಾ' ಅಲ್ಲ. ಷರಬತ್ತು ಕುಡದಾಕಿ ನಾನು. ಗೊಬ್ಬರ ಗ್ವಾಡಿ ದಾಟಿಸಿದಾಕೀನೂ ನಾನ. ಅವ್ವ ಕಣ್ಣು ಮುಚ್ಚಿದಾಗ ಢವಢವ ಅಂದಿದ್ದು ನನ್ನ ಎದಿ. ನಿಮಗೇನ್ ಗೊತ್ತಿತ್ತು? ನೀವು ಎರಡು ಸಲ ಹಾಕಿಸ್ಕೊಂಡು ಉಂಡ್ರಿ."

"ಅಂಗಡಿ ಮುಚ್ಚಿದೆ ಅಂತ—"

"ಅದೂ ನಾನ ಅಂದಿದ್ದು. ನೀವು ಎರಡು ಚೀಲ ತರ್ತೀನತ್ತೆ ಅಂತ ಚಪ್ಪಲಿ ಹಾಕ್ಕೊಂಡಿದ್ರಿ. ಅವ್ವ ಊರಿಗೆ ಹೋದ ಮ್ಯಾಲೆ ನಿಮಗ ಹೇಳಿದೆ. ಕೇಳಿ ಬಚ್ಚಲಕ್ಕ ಓಡಿದ್ರಿ."

ನಾನು ಕಣ್ಣು ಮುಚ್ಚಿ ಹುಡುಕಿದೆ. ಆಂಟಿಯ ಬಾಗಿಲು, ಹೊಳೆಯುವ ಬ್ಯಾನರ್ಜಿ, ಕೈಯಲ್ಲಿ ತಣ್ಣಗಿನ ಲೋಟ, ಎಲ್ಲವೂ ಇದ್ದವು, ಎಲ್ಲವೂ ಒಪ್ಪವಾಗಿದ್ದವು. ಕೆಳಗೆ ಬೆರಳು ಹಾಕಿದರೆ ಸಿಕ್ಕಿದ್ದು ಬೂಟಿನ ಲೇಸು. ಬೂದು ಮರಿಗೆ ಆ ಹೆಸರೇಕೆ ಬಂತೆಂದು ಆಗ ತಿಳಿಯಿತು. ಪೆನ್ನು ತೆಗೆದು, ಎಲ್ಲ ಹೊಡೆದುಹಾಕಿ ನೀನು ಹೇಳಿದ ಹಾಗೇ ತಿದ್ದುತ್ತೇನೆ ಎಂದೆ.

ಗಿರಿಜಾ ಮತ್ತೆ ಬದನೆಕಾಯಿಗೆ ಕೈ ಹಾಕಿದಳು.

"ಇರ್ಲಿ ಬಿಡ್ರಿ" ಎಂದಳು. "ಬರಹದಾಗರ ಒಮ್ಮೆ ಗೇಟ್ ದಾಟ್ರಿ."