ಹೊಟ್ಟೆ ಉರಿಯ ಕೇಸ್ ಶೀಟು

ನನಗೊಂದು ಚಟವಿದೆ. ಸಿಗರೇಟಲ್ಲ, ಇಸ್ಪೀಟಲ್ಲ, ಎದುರಿಗೆ ಸಿಕ್ಕವರಿಗೆಲ್ಲ ಔಷಧ ಹೇಳುವುದು. ಜಗಳೂರಿನ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು, ಯಾವಾಗಲೋ ಕೊಂಡ ಒಂದು ಹೋಮಿಯೋಪಥಿ ಪುಸ್ತಕ, ಒಂದು ಡಬ್ಬಿ ಸಕ್ಕರೆ ಗುಳಿಗೆ ಇಟ್ಟುಕೊಂಡು ಮನೆಯ ಜಗಲಿಯ ಮೇಲೆ ಇಪ್ಪತ್ತು ವರ್ಷ ವೈದ್ಯನಾಗಿ ಮೆರೆದೆ. ನೆಗಡಿಗೆ ನಾಲ್ಕು ಗುಳಿಗೆ, ಕೆಮ್ಮಿಗೆ ಆರು. ಬಿಳಿಚೋಡಿನಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು. ವಾಸಿಯಾದವರು ಹೊಗಳಿದರು, ಆಗದವರು ತಿರುಗಿ ಬರಲಿಲ್ಲ. ಹೀಗಾಗಿ ನನ್ನ ಕಿವಿಗೆ ಬಿದ್ದದ್ದೆಲ್ಲ ಹೊಗಳಿಕೆಯೇ.

ಮಗಳು ಸುಮಾ ಹೋಮಿಯೋಪಥಿ ಓದುತ್ತೇನೆಂದಾಗ, ಮನೆಯಲ್ಲೇ ನಾನಿರುವಾಗ ಕಾಲೇಜು ಯಾಕಮ್ಮ ಎಂದಿದ್ದೆ. ಅವಳು ಕೇಳಲಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಮುಗಿಸಿದಳು, ನೀಟ್ ಬರೆದಳು, ಸೀಟು ಹಿಡಿದಳು. ನಾಲ್ಕೂವರೆ ವರ್ಷ ಓದು, ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಎಂದು ಕೇಳಿ ನನಗೇ ಸುಸ್ತಾಯಿತು. ಮೊದಲ ವರ್ಷವೇ ಹೆಣ ಕೊಯ್ಯಬೇಕೆಂದು ತಿಳಿದ ಬಸವಾಪಟ್ಟಣದ ನನ್ನ ಅತ್ತೆಯವರು, ಸಾಸಿವೆ ಕಾಳಿನಷ್ಟು ಗುಳಿಗೆ ಕೊಡಾಕೆ ಹೆಣ ಯಾಕೆ ಕೊಯ್ಯಬೇಕು ಎಂದು ಒಂದು ಹೊತ್ತು ಊಟ ಬಿಟ್ಟರು. ಹೊರಗೆ ಅವರನ್ನು ಸಮಾಧಾನ ಮಾಡಿದೆನಾದರೂ ಒಳಗೊಳಗೆ ನಾನು ಅವರ ಪಕ್ಷವೇ. ಯಾವ ಹೆಣವನ್ನೂ ಮುಟ್ಟದೆ ನಾನು ಇಷ್ಟು ಹೆಸರು ಮಾಡಿರಲಿಲ್ಲವೇ?

ಕೊನೆಯ ವರ್ಷಕ್ಕೆ ಬಂದಿದ್ದ ಸುಮಾ ಕಳೆದ ತಿಂಗಳು ಊರಿಗೆ ಬಂದಾಗ ಮುಖ ಸಪ್ಪಗಿತ್ತು. ರೋಗಿಗಳನ್ನು ವಿಚಾರಿಸಿ ಬರೆಯಬೇಕಾದ ಕೇಸ್ ಶೀಟುಗಳಲ್ಲಿ ಒಂದು ಕಡಿಮೆಯಂತೆ. ಸೋಮವಾರ ಒಪ್ಪಿಸದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಮಗಳ ಒಂದು ವರ್ಷ ಹಾಳಾಗುವುದನ್ನು ನೋಡಿಕೊಂಡು ಸುಮ್ಮನಿರಲಾದೀತೆ? ನನಗೇ ಹೊಟ್ಟೆ ಉರಿ ಐತೆ, ಬರ್ಕೋ ಎಂದು ಕುರ್ಚಿ ಎಳೆದುಕೊಂಡು ಕೂತೆ. ಎದೆಯ ಕೆಳಗೆ ಉರಿ ಇದ್ದದ್ದೂ ನಿಜವೇ.

ನನ್ನ ವೈದ್ಯದಲ್ಲಾಗಿದ್ದರೆ ಅಷ್ಟು ಹೊತ್ತಿಗೆ ರೋಗಿಯ ನಾಲಿಗೆಯ ಮೇಲೆ ಗುಳಿಗೆ ಕರಗಿಹೋಗಿರುತ್ತಿತ್ತು. ಅವಳೋ ಪ್ರಶ್ನೆ ಶುರು ಮಾಡಿದಳು. ಯಾವ ಮಗ್ಗುಲಿಗೆ ಮಲಗುತ್ತೀರಿ, ಸಿಹಿ ಇಷ್ಟವೋ ಉಪ್ಪು ಇಷ್ಟವೋ, ಗುಡುಗಿಗೆ ಹೆದರುತ್ತೀರಾ, ಸಿಟ್ಟು ಬಂದರೆ ಕೂಗುತ್ತೀರೋ ನುಂಗುತ್ತೀರೋ? ನುಂಗುತ್ತೇನೆ ಎಂದೆ. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ನನ್ನ ಹೆಂಡತಿ ಗಿರಿಜಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಅಲ್ಲಿಂದಾಚೆಗೆ ರೋಗ ನನ್ನದು, ಉತ್ತರ ಅವಳದು.

"ಈ ಉರಿ ಯಾವಾಗ ಶುರು ಆತು, ಅಪ್ಪಾಜಿ?"

ಉಪ್ಪಿನಕಾಯಿ ತಿಂದಾಗಿನಿಂದ ಎನ್ನಲು ಬಾಯಿ ತೆರೆದೆ.

"ನಿನಗೆ ಸೀಟು ಸಿಕ್ಕ ದಿನದಿಂದ ಐತೆ, ಬರ್ಕೊಳ್ಳೇ," ಎಂದಳು ಗಿರಿಜಾ.

"ಯಾವಾಗ ಜಾಸ್ತಿ ಆಗುತ್ತೆ?"

"ಡಾಕ್ಟ್ರಮ್ಮ ಊರಿಗೆ ಯಾವಾಗ ಬರ್ತಾರೆ ಅಂತ ಯಾರಾದ್ರೂ ಕೇಳಿದಾಗ."

ಸುಮಾ ನಗುತ್ತಾಳೆಂದುಕೊಂಡೆ. ನಗಲಿಲ್ಲ. ಪೆನ್ನು ಎತ್ತಿಕೊಂಡು ನನ್ನ ಮುಖವನ್ನೇ ನೋಡಿದಳು. ಸುಳ್ಳು ಹೇಳಿದರೆ ಅವಳ ಕೇಸು ಕೆಡುತ್ತದೆ, ನಿಜ ಹೇಳಿದರೆ ನನ್ನ ಮಾನ ಹೋಗುತ್ತದೆ. ಹಾಳಾಗಿ ಹೋಗಲಿ ಎಂದು ಒಪ್ಪಿಕೊಂಡೆ. ವರ್ಷಗಟ್ಟಲೆ ನನ್ನ ಗುಳಿಗೆಯನ್ನೇ ನಂಬಿದ್ದ ಬಿಳಿಚೋಡಿನ ಅಜ್ಜಿ, ಡಬ್ಬಿ ತೆಗೆಯಲು ಹೋದ ನನ್ನ ಕೈ ತಡೆದು, ನಿಮ್ಮ ಮಗಳು ಬರಲಿ ತಡೀರಿ ಎಂದದ್ದು, ಅವತ್ತು ನನಗೆ ಅಳುವೇ ಬಂದದ್ದು ಎಲ್ಲ ಹೇಳಿದೆ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು! ಥೂ ನನ್ನ ಎನಿಸಿತು. ಅವಳು ಅದನ್ನೆಲ್ಲ ಮನಸ್ಸಿನ ಲಕ್ಷಣಗಳು ಎಂಬ ಜಾಗದಲ್ಲಿ ನಿಧಾನವಾಗಿ ಬರೆದುಕೊಂಡಳು.

ಸರಿ, ಈಗ ಗುಳಿಗೆ ಕೊಡು ಎಂದು ನಾಲಿಗೆ ಚಾಚಿದೆ.

"ನಾನು ಕೊಡಂಗಿಲ್ಲ ಅಪ್ಪಾಜಿ. ಇನ್ನೂ ಓದ್ತಾ ಇದೀನಿ."

ಅಷ್ಟೇ ಅಂದದ್ದು. ನನ್ನ ಜಗಲಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಚಾಚಿದ ನಾಲಿಗೆಯನ್ನು ಒಳಗೆಳೆದುಕೊಂಡೆ. ಓದುತ್ತಿರುವವಳೇ ಕೊಡುವಂತಿಲ್ಲ, ಓದದ ನಾನು ಇಪ್ಪತ್ತು ವರ್ಷ ಕೊಟ್ಟಿದ್ದೆ. ಮಾರನೆಯ ದಿನದಿಂದ ಬಂದವರಿಗೆ ಆಸ್ಪತ್ರೆಯ ದಾರಿ ತೋರಿಸುತ್ತಿದ್ದೇನೆ.

ಆ ವಾರವೇ ಸುಮಾ ಫೋನು ಮಾಡಿದಳು. ಶೀಟಿಗೆ ಸಹಿಯಾಯಿತು, ಪರೀಕ್ಷೆಗೆ ಕೂರುತ್ತಾಳೆ. ಅವರ ಮೇಡಂ ಆ ಕೇಸನ್ನು ಇಡೀ ತರಗತಿಗೆ ಓದಿ, ಇಷ್ಟು ನಿಜ ಹೇಳುವ ರೋಗಿ ಸಿಗುವುದೇ ಅಪರೂಪ ಎಂದರಂತೆ. ಹೆದರಬೇಡಿ, ಹೆಸರು ಹಾಕಿಲ್ಲ ಎಂದು ನನಗೆ ಧೈರ್ಯ ಹೇಳಿದಳು. ಈಗ ಕೌಂಟರಿಗೆ ಬಂದವರಿಗೆಲ್ಲ ಸ್ಟಾಂಪಿನ ಜೊತೆ ಈ ಸುದ್ದಿಯನ್ನೂ ಕೊಡುತ್ತಿದ್ದೇನೆ. ನಿಮ್ಮ ಮಗಳು ಭಾಳ ಜಾಣೆ ಬಿಡ್ರಿ ಎಂದು ಎಲ್ಲರೂ ಹೊಗಳಿ ಹೋಗುತ್ತಾರೆ. ಅಷ್ಟು ಅಪರೂಪದ ಆ ರೋಗಿ ಯಾರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ನಿನ್ನೆಯಿಂದ ಮತ್ತೆ ಉರಿ.