ಪುಂಡಿಪಲ್ಯದ ಲಿಂಕು

ಇಡೀ ಚಿತ್ತಾಪುರವನ್ನು ಒಂದೇ ಲಿಂಕಿನಲ್ಲಿ ಬಕರಾ ಮಾಡಿಬಿಡುತ್ತೇನೆ ಎಂದು ನಾನು ಪಣ ತೊಟ್ಟೆ. ಚಿತ್ತಾಪುರ ಮುಗಿದ ಮೇಲೆ ವಾಡಿ, ಶಹಾಬಾದ, ಸೇಡಂ, ಕೊನೆಗೆ ಚಿಂಚೋಳಿ! ದಂಡೆತ್ತಿ ಹೋಗುವ ರಾಜನಿಗೆ ಆನೆ ಕುದುರೆ ಬೇಕಿತ್ತು. ನನಗೆ ವಾಟ್ಸ್‌ಆ್ಯಪ್ ಸಾಕಿತ್ತು.

ನನಗೆ ಇಷ್ಟು ರೋಷ ಬರಿಸಿದವನು ಮತೀನ. ನಾನು ಗುಮಾಸ್ತನಾಗಿರುವ ಖಾಸಗಿ ಕಾಲೇಜಿನಲ್ಲಿ ಅವನು ಕಂಪ್ಯೂಟರ್ ಆಪರೇಟರ್. ಒಂದು ಮಧ್ಯಾಹ್ನ 'ಪಗಾರ ಹೆಚ್ಚಳದ ಆದೇಶ ಬಂತು, ಜಲ್ದಿ ನೋಡ್ರಿ' ಎಂದು ಲಿಂಕ್ ಕಳಿಸಿದ. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ನನ್ನನ್ನು ಸುತ್ತುವರಿದರು. ನಾನು ಆವಾಜು ಪೂರ್ತಿ ಏರಿಸಿ, ದೇವರ ಹೆಸರು ಹೇಳಿ ಒತ್ತಿದೆ. ಆದೇಶ ಬರಲಿಲ್ಲ, ತಬಲಾ ಬಂತು! ತಬಲಾದ ತಾಳಕ್ಕೆ ಸರಿಯಾಗಿ ಒಂದು ಕತ್ತೆ ರಾಗ ತೆಗೆಯಿತು!

"ಕಾಶೀನಾಥ ಸರ್, ಪಗಾರ ಏರಿಲ್ಲ, ಬರೇ ಶ್ರುತಿ ಏರ್ಯದ!" ಎಂದ ಮತೀನ. ನಗದೇ ಉಳಿದದ್ದು ಗೋಡೆಯ ಗಡಿಯಾರವೊಂದೇ.

ಸೇಡಿಗೆ ನನಗೊಂದು ಹಾಡು ಬೇಕಿತ್ತು. ಕತ್ತೆಗಿಂತ ಜೋರಾದದ್ದು, ಒಮ್ಮೆ ಕಿವಿಗೆ ಹೊಕ್ಕರೆ ಹೊರಗೆ ಬರಲೊಪ್ಪದ್ದು. ಅದು ನಮ್ಮ ಅಡುಗೆಮನೆಯಲ್ಲೇ ಸಿಕ್ಕಿತು. ನನ್ನ ಹೆಂಡತಿ ಶಿವಗಂಗಾ ರೊಟ್ಟಿ ಬಡಿಯುವಾಗ ಹುಳಿ ಪುಂಡಿಸೊಪ್ಪಿನ ಪಲ್ಯದ ಮೇಲೆ ತಾನೇ ಕಟ್ಟಿದ ಹಾಡು ಹಾಡುತ್ತಾಳೆ. ತಾಳಕ್ಕೆ ರೊಟ್ಟಿ ಇದ್ದೇ ಇದೆ. ಹಿಟ್ಟಿನ ಡಬ್ಬಿಯ ಹಿಂದೆ ಫೋನು ನಿಲ್ಲಿಸಿ ರೆಕಾರ್ಡ್ ಮಾಡಿದೆ. ಮುಖ ಕಾಣದು, ಎರಡು ಕೈ, ಒಂದು ರೊಟ್ಟಿ, ಮೇಲೆ ಗಗನಭೇದಿ ಕಂಠ:

"ಪುಂಡಿಪಲ್ಯೇ ಪುಂಡಿಪಲ್ಯೇ, ಹುಳಿ ಯಾಕ ಬಿಟ್ಟೀಯೇ! ರೊಟ್ಟಿ ಬಡದು ಕೈ ಸೋತಾವ, ನೀ ಯಾಕ ಕೆಟ್ಟೀಯೇ!" ತಪ್! ತಪ್! ತಪ್!

ಮರುದಿನವೇ 'ಪ್ರಿನ್ಸಿಪಾಲರ ತುರ್ತು ಸೂಚನೆ' ಎಂಬ ಹೆಸರಿಟ್ಟು ಮತೀನನಿಗೆ ಕಳಿಸಿದೆ. ಅವನು ಪ್ರಿನ್ಸಿಪಾಲರ ಎದುರಿಗೇ ಅದನ್ನು ತೆರೆದ. ತಪ್! ತಪ್! ತಪ್! ಆಹಾ, ಆ ದಿನ ನಾನು ಉಂಡ ಮೊಸರನ್ನದ ರುಚಿಯೇ ಬೇರೆ!

ಅಲ್ಲಿಗೇ ನಿಲ್ಲಿಸಿದ್ದರೆ ನಾನು ಕಾಶೀನಾಥನೇ ಅಲ್ಲ. 'ನಾಳೆ ರಜೆ', 'ಕರೆಂಟ್ ಬಿಲ್ ಮಾಫಿ', 'ನೀರು ಸರಬರಾಜು: ಅಧಿಕಾರಿಗಳ ಹೇಳಿಕೆ' ಎಂದು ದಿನಕ್ಕೊಂದು ಹೆಸರಿಟ್ಟು ಹರಿಯಬಿಟ್ಟೆ. ಪುಂಡಿಪಲ್ಯಕ್ಕೆ ನಾನೇ ಪುಂಡ! ಶಹಾಬಾದಿನ ಮದುವೆಯ ಬ್ಯಾಂಡಿನವರು ಅದನ್ನು ಮೆರವಣಿಗೆಯಲ್ಲಿ ನುಡಿಸಿದರು. ಸೇಡಂ ಬಸ್ಸಿನ ಕಂಡಕ್ಟರ್ "ಟಿಕೆಟ್ ಯಾಕ ಬಿಟ್ಟೀರೀ" ಎಂದು ಅದೇ ಧಾಟಿಯಲ್ಲಿ ಕೇಳತೊಡಗಿದ. ಚಿಂಚೋಳಿಯಿಂದ ಅದು ನನಗೇ ತಿರುಗಿ ಬಂತು, 'ಸೊಂಟ ನೋವಿಗೆ ಮನೆಮದ್ದು' ಎಂಬ ಹೆಸರಿನಲ್ಲಿ. ನನ್ನ ಬಲೆಗೆ ನಾನೇ ಬಿದ್ದದ್ದನ್ನು ಯಾರಿಗೂ ಹೇಳಲಿಲ್ಲ.

ಆಮೇಲೆ ಟಿವಿಯ ಸರದಿ. ನಮ್ಮ ಭಾಗದ ಒಂದು ಕೇಬಲ್ ಚಾನೆಲ್ಲಿನಲ್ಲಿ ಸಂಜೆಯ ವಾರ್ತೆ. ವಾರ್ತೆ ಓದುವ ಹುಡುಗಿ ಗಂಭೀರವಾಗಿ, "ನೀರು ಸರಬರಾಜಿನ ಬಗ್ಗೆ ಅಧಿಕಾರಿಗಳು ಏನು ಹೇಳಿದ್ದಾರೆ, ಕೇಳೋಣ" ಎಂದಳು. ಅಧಿಕಾರಿಗಳ ಬದಲು ರೊಟ್ಟಿ ಬಂತು! "ಹುಳಿ ಯಾಕ ಬಿಟ್ಟೀಯೇ!" ಪಾಪ, ಆ ಹುಡುಗಿ ಕೈಯಲ್ಲಿದ್ದ ಕಾಗದದಿಂದ ಮುಖ ಮುಚ್ಚಿಕೊಂಡು ನಕ್ಕಳು. ಚಾನೆಲ್ಲಿನವರು ನಾಚಿಕೊಳ್ಳುವ ಬದಲು, 'ಯಾರೀ ಪುಂಡಿಪಲ್ಯದ ಗಾಯಕಿ?' ಎಂದು ರಾತ್ರಿಯವರೆಗೂ ಅದನ್ನೇ ತೋರಿಸಿದರು.

ಪಕ್ಕದ ಮನೆಯ ಅಮೀರ್‌ಬೀ ಓಡಿ ಬಂದಳು. "ಶಿವಗಂಗಾ! ಟಿವಿದಾಗ ನಿನ್ನ ಆವಾಜ ಬರ್ಲಿಕತ್ತದ!"

ಶಿವಗಂಗಾ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಏನ್ರೀ ಇದು?"

"ಅದೆಲ್ಲ ಎಐ! ಈಗ ಮಶೀನು ಯಾರ ಆವಾಜ ಬೇಕಾದ್ರೂ ತೆಗಿತಾವ."

"ಹೌದಾ? ಮಶೀನಿಗೆ ನನ್ನ ಕೈಯಾಗಿನ ಹಸಿರು ಬಳಿ ಗೊತ್ತದ?"

"ಭಾಳ ಶಾಣ್ಯಾ ಮಶೀನು."

"ಮತ್ತ ನಡುವ ಯಾರೋ 'ಚಾ ಆಯ್ತೇನ' ಅಂತ ಕೇಳ್ಯಾರಲ್ಲ? ಆ ಮಶೀನು ಚಾನೂ ಕುಡಿತದ?"

ಪ್ರಪಂಚವನ್ನೇ ಗೆದ್ದ ನನಗೆ ನನ್ನದೇ ದನಿಯನ್ನು ಕತ್ತರಿಸುವುದು ಮರೆತುಹೋಗಿತ್ತು! ಶಿವಗಂಗಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. "ನಿಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕ ನಾನೂ ಬರ್ತೀನಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ವಾರ್ಷಿಕೋತ್ಸವದ ದಿನ ಸಭಾಂಗಣ ತುಂಬಿತ್ತು. ಅದೇ ಚಾನೆಲ್ಲಿನವರು ನೇರ ಪ್ರಸಾರಕ್ಕೆ ಕ್ಯಾಮೆರಾ ನಿಲ್ಲಿಸಿದ್ದರು. ವೇದಿಕೆಯ ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷರು. ನಗುವುದು ಅವರ ಘನತೆಗೆ ಒಗ್ಗದ ಕೆಲಸ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಸುಂದರಬಾಯಿ. ಅವರ ಮಗ್ಗುಲಿಗೆ, ಯಾವಾಗ ಹೋಗಿ ಕುಂತಳೋ, ನನ್ನ ಶಿವಗಂಗಾ! ಇಬ್ಬರೂ ತಲೆಗೆ ತಲೆ ಹಚ್ಚಿ ಪಿಸುಮಾತಾಡುತ್ತಿದ್ದರು.

ಲ್ಯಾಪ್‌ಟಾಪಿನಲ್ಲಿ ಸ್ವಾಗತ ಗೀತೆ ಹಚ್ಚುವುದು ನನ್ನ ಕೆಲಸ. ಮತೀನ ಮೈಕಿನಲ್ಲಿ, "ಈಗ ಸ್ವಾಗತ ಗೀತೆ" ಎಂದ. ಎಲ್ಲರೂ ನೆಟ್ಟಗೆ ಕುಂತರು. ನಾನು ಒತ್ತಿದೆ.

ತಪ್! ತಪ್! ತಪ್!

"ಪುಂಡಿಪಲ್ಯೇ ಪುಂಡಿಪಲ್ಯೇ..." ಸಭೆಗೆ ಸಭೆಯೇ ದನಿಗೂಡಿಸಿತು! ನಾನು ಬಂದ್ ಮಾಡಲು ಹೋಗಿ ಆವಾಜು ಇನ್ನೂ ಏರಿಸಿದೆ. ಅಧ್ಯಕ್ಷರ ಮುಖ ಒಣಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು.

"ಯಾರದು ಈ ಕೆಲಸ? ನೌಕರಿ ಬ್ಯಾಡಾಗ್ಯದೇನು?" ಎಂದು ಗುಡುಗಿದರು.

ಮತೀನ ವಿನಯದಿಂದ ನನ್ನತ್ತ ಕೈ ತೋರಿಸಿದ. ನಾನು ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಸಿಕೊಂಡೆ. ಆ ಹೊತ್ತಿಗೆ ಸುಂದರಬಾಯಿ ಎದ್ದು ನಿಂತರು. "ಸಿಟ್ಟಾಗಬ್ಯಾಡ್ರಿ! ನಾನೇ ಹಚ್ಚಲಿಕ್ಕೆ ಹೇಳೀನಿ. ಈ ಹಾಡಿನಾಕಿ ಇಲ್ಲೇ ಕುಂತಾಳ. ಶಿವಗಂಗಾ, ಮ್ಯಾಲ ಹೋಗವ್ವಾ!"

ಅಧ್ಯಕ್ಷರು ಮನೆಯ ಅಧ್ಯಕ್ಷರ ಮಾತಿಗೆ ತಲೆ ಆಡಿಸಿ ಕುಂತರು. ನೌಕರಿ ಉಳಿಯಿತು! ವೇದಿಕೆ ಹತ್ತುತ್ತ ಶಿವಗಂಗಾ ಮತೀನನನ್ನು ನೋಡಿ ನಕ್ಕಳು. ಫೈಲು ಬದಲಿಸಿದವನು ಮತೀನ, ಬದಲಿಸಲು ಹಚ್ಚಿದವಳು ನನ್ನ ಹೆಂಡತಿ ಎಂದು ಆಗ ತಿಳಿಯಿತು.

ಶಿವಗಂಗಾ ಮೈಕು ಹಿಡಿದಳು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. "ನೀವು ಕೇಳಿದ್ದು ಮೊದಲನೇ ಚರಣ" ಎಂದಳು ಅವಳು. "ಎರಡನೇದು ನಿನ್ನೆ ಕಟ್ಟೀನಿ. ಕೇಳ್ರಿ."

"ಗಂಡರಾಯಾ ಗಂಡರಾಯಾ, ಫೋನ್ಯಾಕ ಹಿಡದೀಯೋ! ಸಿಲಿಂಡರ್ ಖಾಲಿ ಆಗಿ ಕುಂತದ, ಲೈಕ್ ಬೇಯ್ಸಿ ಉಣತೀಯೋ!"

ಮದುವೆಯಾದಾಗಿನಿಂದ ಬಹುವಚನದಲ್ಲಿದ್ದವನು ನಾನು. ನೇರ ಪ್ರಸಾರದಲ್ಲಿ ಏಕವಚನಕ್ಕೆ ಬಿದ್ದೆ! ಅಧ್ಯಕ್ಷರು ಗಹಗಹಿಸಿ ನಕ್ಕರು. "ಒನ್ಸ್ ಮೋರ್" ಎಂದು ಮೊದಲು ಕೂಗಿದವರೂ ಅವರೇ. ಕ್ಯಾಮೆರಾದವನಿಗೆ ಮತೀನ ಏನು ಹೇಳಿದನೋ, ಒನ್ಸ್ ಮೋರ್ ಮುಗಿಯುವವರೆಗೂ ಅದು ನನ್ನ ಮುಖದ ಮೇಲೇ ಇತ್ತು.

ಕಾರ್ಯಕ್ರಮ ಮುಗಿದು ಹೊರಗೆ ಬಂದರೆ ಶಿವಗಂಗಾಳ ಸುತ್ತ ಜಾತ್ರೆಯಷ್ಟು ಜನ. ನಾಲವಾರದಿಂದ ಬಂದಿದ್ದ ಗಂಡ ಹೆಂಡತಿ ಜನರನ್ನು ಸರಿಸಿಕೊಂಡು ಬಂದು, ತಮ್ಮ ಫೋನನ್ನು ನನ್ನ ಕೈಗೆ ತುರುಕಿದರು.

"ಅಕ್ಕಾರ ಸಂಗಡ ನಮ್ಮದೊಂದು ಫೋಟೋ ತೆಗೀರಿ. ತುಸು ಹಿಂದ ಸರೀರಿ... ಹಾಂ, ಇನ್ನೂ ಹಿಂದ."

ನಾನು ಚರಂಡಿಯ ಅಂಚಿನವರೆಗೂ ಸರಿದು ಫೋಟೋ ತೆಗೆದೆ. ಆ ಮನುಷ್ಯ ಫೋನು ಇಸಿದುಕೊಂಡು, "ಭಾಳ ಛಂದ ಬಂದದ. ಅಂದಂಗ, ನೀವು ಅಕ್ಕಾರಿಗೆ ಏನಾಗಬೇಕ್ರಿ?" ಎಂದ.

ಶಿವಗಂಗಾ ನನ್ನನ್ನೇ ನೋಡುತ್ತಿದ್ದಳು. ಇನ್ನು ಮುಚ್ಚಿಡುವುದು ಏನಿತ್ತು?

"ನಾನಾ?" ಎಂದೆ. "ನಾನು ಎರಡನೇ ಚರಣ ರೀ!"